ತವರಿಗೆ ಬೇಡವಾದ ನುಸಿ, ಬೆಂಗಳೂರಿನಲ್ಲಿ ಬೆಳೆಯಿತು

ಒಂಬತ್ತು ಗಜದ ಇಳಕಲ್ ಸೀರೆಯನ್ನು ನೆಲಕ್ಕೆ ಹಾಸಿದರೆ ಅದರ ಉದ್ದ 8 ಮೀಟರ್ ದಾಟುತ್ತದೆ. ರೆಕ್ಕೆಯ ತುದಿಯಿಂದ ತುದಿಗೆ ಅಷ್ಟೂ ಇಲ್ಲದ, ಕೇವಲ 6.7 ಮೀಟರ್ ಅಗಲದ ಯುದ್ಧವಿಮಾನವೊಂದು ಎರಡು ಸಮರಗಳಲ್ಲಿ ಭಾರತದ ಆಕಾಶವನ್ನು ಕಾಯಿತು. ಅದೇ ಬ್ರಿಟನ್ನಿನ ಫಾಲೆಂಡ್ ಕಂಪನಿಯ 'ನ್ಯಾಟ್'. ಹೆಸರಿನ ಅರ್ಥ ನುಸಿ.

1950ರ ದಶಕದಲ್ಲಿ ಜೆಟ್ ಯುದ್ಧವಿಮಾನಗಳ ತೂಕವೂ ಬೆಲೆಯೂ ಏರುತ್ತಲೇ ಇದ್ದವು. ಚಿಕ್ಕ ವಿಮಾನವಾದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಬಹುದು, ಶತ್ರುವಿನ ಕಣ್ಣಿಗೂ ಸುಲಭವಾಗಿ ಬೀಳದು ಎಂಬುದು ವಿನ್ಯಾಸಕಾರ ಡಬ್ಲ್ಯು.ಇ.ಡಬ್ಲ್ಯು. ಪೆಟರ್ ಅವರ ವಾದ. 1955ರ ಜುಲೈ 18ರಂದು ನ್ಯಾಟ್ ಮೊದಲ ಬಾರಿ ಹಾರಿತು. ಆದರೆ ಬ್ರಿಟನ್ನಿನ ವಾಯುಪಡೆ ಅದನ್ನು ಯುದ್ಧವಿಮಾನವಾಗಿ ಸ್ವೀಕರಿಸಲಿಲ್ಲ. ಎರಡು ಆಸನಗಳ ಮಾದರಿಯನ್ನು ತರಬೇತಿಗೆ ಬಳಸಿತು.

ಸೀಮಿತ ಹಣದಲ್ಲಿ ವಾಯುಪಡೆಯನ್ನು ಕಟ್ಟಬೇಕಿದ್ದ ಭಾರತಕ್ಕೆ ಇದೇ ಅನುಕೂಲವಾಯಿತು. 1956ರಲ್ಲಿ ಪರವಾನಗಿ ಒಪ್ಪಂದವಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮೊದಲು ಬಿಡಿಭಾಗಗಳನ್ನು ತರಿಸಿ ಜೋಡಿಸಿತು, ಬಳಿಕ ಸಂಪೂರ್ಣ ವಿಮಾನವನ್ನೇ ತಯಾರಿಸಿತು. ಅದರ ಆರ್ಫಿಯಸ್ ಎಂಜಿನ್ ಕೂಡ ಬೆಂಗಳೂರಿನಲ್ಲೇ ತಯಾರಾಯಿತು.

1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದ ನ್ಯಾಟ್‌ಗೆ 'ಸೇಬರ್ ಸಂಹಾರಿ' ಎಂಬ ಬಿರುದು ಬಂತು. ದೌರ್ಬಲ್ಯಗಳೂ ಇಲ್ಲದಿರಲಿಲ್ಲ. ಅದರ ಎರಡು 30 ಮಿ.ಮೀ. ತೋಪುಗಳು ಕಾದಾಟದ ನಡುವೆಯೇ ಕೈಕೊಡುತ್ತಿದ್ದವು. ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದು ಶತ್ರುವಶವಾದ ಒಂದು ನ್ಯಾಟ್ ಕರಾಚಿಯ ವಾಯುಪಡೆ ಸಂಗ್ರಹಾಲಯ ಸೇರಿತು.

1971ರ ನವೆಂಬರ್ 22ರಂದು, ಯುದ್ಧ ಘೋಷಣೆಗೂ ಮುನ್ನ, ಪೂರ್ವ ಗಡಿಯ ಬೊಯ್ರಾದಲ್ಲಿ ನಾಲ್ಕು ನ್ಯಾಟ್‌ಗಳು ಸೇಬರ್‌ಗಳ ಮೇಲೆರಗಿದವು. ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಸೆರೆಸಿಕ್ಕರು. ಡಿಸೆಂಬರ್ 14ರಂದು ಶ್ರೀನಗರದ ನೆಲೆಯ ಮೇಲೆ ಆರು ಸೇಬರ್‌ಗಳು ದಾಳಿಯಿಟ್ಟಾಗ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಬಾಂಬುಗಳ ನಡುವೆಯೇ ಮೇಲೇರಿ ಹೋರಾಡಿ ವೀರಮರಣವನ್ನಪ್ಪಿದರು. ಪರಮವೀರ ಚಕ್ರ ಪಡೆದ ಏಕೈಕ ವಾಯುಪಡೆ ಯೋಧ ಅವರು.

ಯುದ್ಧ ಎತ್ತಿ ತೋರಿದ ಕೊರತೆಗಳನ್ನು ನೀಗಿಸುವ ಹೊಣೆ ಮತ್ತೆ ಬೆಂಗಳೂರಿನ ಪಾಲಿಗೆ ಬಂತು. ನಿಯಂತ್ರಣ ವ್ಯವಸ್ಥೆಯನ್ನು ಸುಧಾರಿಸಿ, ರೆಕ್ಕೆಯೊಳಗೆ ಇಂಧನಕ್ಕೆ ಸ್ಥಳ ಕಲ್ಪಿಸಿ ರೂಪಿಸಿದ 'ಅಜೀತ್' 1975ರಲ್ಲಿ ಹಾರಿತು, 1991ರವರೆಗೆ ಸೇವೆಯಲ್ಲಿತ್ತು. ಪರರ ನಕ್ಷೆಯಂತೆ ವಿಮಾನ ಜೋಡಿಸುತ್ತಿದ್ದ ಕೈಗಳು ಆ ನಕ್ಷೆಯನ್ನೇ ತಿದ್ದಲು ಕಲಿತದ್ದು ನ್ಯಾಟ್ ಬಿಟ್ಟುಹೋದ ನಿಜವಾದ ಗಳಿಕೆ.