ಹಳೆಯ ಮೌಂಟನ್ ಬೈಕಿಗೆ ಬದಲಿ: ಬೆಲೆಪಟ್ಟಿಯಲ್ಲಿ ಕಾಣದ ವೆಚ್ಚ

ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಉಳ್ಳ ಹಳೆಯ ಮೌಂಟನ್ ಬೈಕನ್ನು ಬದಲಿಸಬಯಸುವವರು, ಹೊಸ ಫ್ರೇಮಿಗೆ ಹಳೆಯ ಚಕ್ರ, ಶಾಕುಗಳನ್ನೇ ಜೋಡಿಸಿದರೆ ಉಳಿತಾಯವೆಂದು ಎಣಿಸುವುದುಂಟು. ಈ ಲೆಕ್ಕ ಬಹುಪಾಲು ತಪ್ಪುತ್ತದೆ. 2000ರ ದಶಕದಲ್ಲಿ ಸಾಮಾನ್ಯವಾಗಿದ್ದ ಚಕ್ರ 26 ಅಂಗುಲದ್ದು, ಇಂದು 27.5 ಇಲ್ಲವೆ 29. ಹಿಂಬದಿ ಹಬ್ಬಿನ ಅಗಲ 135 ಮಿ.ಮೀ.ನಿಂದ 148ಕ್ಕೆ ಏರಿದೆ. 2016ರಲ್ಲಿ ಶಾಕಿನ ಅಳತೆಗಳೂ ಬದಲಾದವು. ಸುಸ್ಥಿತಿಯಲ್ಲಿದ್ದರೂ ಹಳೆಯ ಭಾಗ ಹೊಸದಕ್ಕೆ ಕೂರದು. ದಾಸ್ತಾನು ಉಳಿಸಿಕೊಂಡ ವರ್ತಕರಿಗೆ ಇದರ ಬಿಸಿ ಇನ್ನೂ ಹೆಚ್ಚು. ಆದುದರಿಂದ ಪೂರ್ಣ ಸೈಕಲ್ಲನ್ನೇ ಕೊಳ್ಳುವುದು ಲೇಸು. ಸೈಕಲ್ಲಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು 5 ಆಗಿದೆ. ಆ ಉಳಿತಾಯವನ್ನು ಸಸ್ಪೆನ್ಷನ್ನಿನ ಎಣ್ಣೆ, ಸೀಲುಗಳ ಬದಲಾವಣೆಗೆ ಮೀಸಲಿಡಬಹುದು. ಆ ಸೀಲುಗಳು ಊರಿನಲ್ಲೇ ದೊರೆಯುವುವೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸತಕ್ಕದ್ದು.