‘ಹಕ್ಕಿ ಹಾರುತಿದೆ’ ಕವಿತೆಯ ಬಂಧ ಮತ್ತು ನಾದ

ಪಕ್ಷಿಯನ್ನು ಕುರಿತ ಕವಿತೆಯಲ್ಲಿ ನಾದವು ಎರಡು ಬಗೆಯಿಂದ ನೆಲೆಗೊಳ್ಳಬಹುದು. ಒಂದು, ಕೂಗಿನ ಅನುಕರಣೆ. ಇನ್ನೊಂದು, ಹಾರಾಟದ ಲಯ. ಚಿಂಚೋಳಿಯ ಕುರುಚಲು ಕಾಡಿನಲ್ಲಿ ಗೌಜಲ ಹಕ್ಕಿಯು ಕಣ್ಣಿಗೆ ಬೀಳುವ ಮೊದಲೇ ಕೂಗಿನಿಂದ ತನ್ನ ಇರವನ್ನು ತಿಳಿಸುತ್ತದೆ. ದ.ರಾ. ಬೇಂದ್ರೆಯವರ ‘ಹಕ್ಕಿ ಹಾರುತಿದೆ’ ಕವಿತೆಯ (‘ಗರಿ’, 1932) ಹಕ್ಕಿಗೆ ಅಂತಹ ಕೂಗಿಲ್ಲ. ಜಾತಿಯ ಹೆಸರೂ ಇಲ್ಲ. ಅದು ಕಾಲದ ಪ್ರತೀಕವೆಂಬುದು ಸುಪರಿಚಿತ. ಆ ಅರ್ಥವು ಕಿವಿಯನ್ನು ತಲಪುವ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕವಿತೆಯಲ್ಲಿ ಏಳು ನುಡಿಗಳಿವೆ. ಪ್ರತಿ ನುಡಿಗೂ ನಾಲ್ಕು ಸಾಲು, ಕೊನೆಗೆ ಒಂದೇ ಪಲ್ಲವಿ. ಸಾಲಿನ ನಡೆ ಮುಖ್ಯವಾಗಿ ನಾಲ್ಕು ಮಾತ್ರೆಗಳ ನಾಲ್ಕು ಗಣಗಳದು. ಕೊನೆಯ ಗಣವು ಬಹುಮಟ್ಟಿಗೆ ಮೂರು ಮಾತ್ರೆಗೇ ನಿಂತು ಉಸಿರಿಗೆ ಎಡೆಗೊಡುತ್ತದೆ. ಹೆಚ್ಚಿನ ನುಡಿಗಳಲ್ಲಿ ಅಂತ್ಯಪ್ರಾಸವು 1, 2 ಮತ್ತು 4ನೆಯ ಸಾಲುಗಳಲ್ಲಿದೆ. ಮೂರನೆಯ ಸಾಲು ಪ್ರಾಸದ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ, ನಾಲ್ಕನೆಯದು ಮರಳಿ ಕೂಡಿಕೊಳ್ಳುತ್ತದೆ. ಫಾರಸಿ ರುಬಾಯಿಯ ಪ್ರಾಸಕ್ರಮವೂ ಇದೇ ಆಗಿರುವುದು ಗಮನಾರ್ಹ.

ಪಲ್ಲವಿಯಲ್ಲಿ ನಡೆ ಬದಲಾಗುತ್ತದೆ. ಅದರ ಮೊದಲ ಎಂಟು ಮಾತ್ರೆಗಳು 4+4 ಆಗಿ ಅಲ್ಲ, 3+3+2 ಆಗಿ ಒಡೆಯುತ್ತವೆ. ಸೂರ್ಯಚಂದ್ರರೂ ಸಾರ್ವಭೌಮರೂ ಬರುವ ಸಾಲುಗಳ ಆರಂಭದಲ್ಲಿಯೂ ಇದೇ ವಿಭಜನೆಯಿದೆ. ಸಮನಾಗಿ ಸಾಗಿದ ಲಯಕ್ಕೆ ರೆಕ್ಕೆಯ ಒಂದು ಬಡಿತ ಸೇರಿದಂತಾಗುತ್ತದೆ. ಪಲ್ಲವಿಯು ದೀರ್ಘ ಆಕಾರದ ಪ್ರಶ್ನೆಯಲ್ಲಿ ಮುಗಿಯುವುದರಿಂದ ಉತ್ತರದ ಹೊಣೆ ಕೇಳುಗರದಾಗುತ್ತದೆ. ಮೊದಲ ನುಡಿಯಲ್ಲಿ ಹಗಲಿರುಳುಗಳ ಬಗೆಗಿದ್ದ ಪ್ರಶ್ನೆಯು ಕೊನೆಯಲ್ಲಿ ಬ್ರಹ್ಮಾಂಡದ ಅಂಚನ್ನು ಮುಟ್ಟಿರುತ್ತದೆ. ಮಾತು ಅದೇ, ಅಷ್ಟರಲ್ಲಿ ಹಕ್ಕಿ ಮಾತ್ರ ದೂರ ಹೋಗಿರುತ್ತದೆ.

ಜಾನಪದ ಸಂಗ್ರಹಕಾರರಿಗೆ ಇಲ್ಲೊಂದು ಪಾಠವಿದೆ. ಬೀಸುಕಲ್ಲಿನ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮರುಕಳಿಸುವ ರೂಢಿಯುಂಟು. ಮೇಳದ ಹಾಡುಗಳಲ್ಲಿ ಪಲ್ಲವಿಯು ಹಿಮ್ಮೇಳದವರ ಪಾಲು. ಅಚ್ಚಿಗೆ ಸಿದ್ಧಪಡಿಸುವಾಗ ಈ ಆವರ್ತನೆಗಳನ್ನು ಪುನರುಕ್ತಿಯೆಂದು ಕೈಬಿಡುವುದು ಸಾಮಾನ್ಯ. ಚಿಂಚೋಳಿ ಭಾಗದ ನನ್ನ ಆರಂಭದ ಕ್ಷೇತ್ರಕಾರ್ಯದಲ್ಲಿ ನಾನೂ ಪಲ್ಲವಿಯನ್ನು ಒಮ್ಮೆ ಬರೆದು, ಉಳಿದೆಡೆ ‘ಪ’ ಎಂಬ ಗುರುತು ಹಾಕಿ ಮುಂದುವರಿದಿದ್ದೆ. ಪ್ರತಿ ಸಲವೂ ಸ್ವರ ಎಲ್ಲಿ ಏರಿತು, ಎಷ್ಟು ಹೊತ್ತು ನಿಂತಿತು ಎಂಬುದು ಆ ಗುರುತಿನಲ್ಲಿ ಉಳಿದಿಲ್ಲ. ಇಂದು ಆ ಟಿಪ್ಪಣಿಗಳಿಂದ ಹಾಡನ್ನು ಮರಳಿ ಕಟ್ಟಲಾಗದು. ಬೇಂದ್ರೆಯವರ ಕವಿತೆಯಿಂದಲೂ ಆರು ಪಲ್ಲವಿಗಳನ್ನು ತೆಗೆದರೆ ಹಕ್ಕಿಯ ವರ್ಣನೆ ಉಳಿಯುತ್ತದೆ, ಹಾರಾಟ ಉಳಿಯುವುದಿಲ್ಲ. ಆದ್ದರಿಂದ ಹಾಡಿದಷ್ಟು ಬಾರಿಯೂ ಪಲ್ಲವಿಯನ್ನು ದಾಖಲಿಸುವುದು ಸಂಪಾದನೆಯ ಮೊದಲ ನಿಯಮವಾಗಬೇಕು.