ನಡುಹಗಲಲ್ಲಿ ಕತ್ತಲಾಗುವ ಚಂದಿರ

ಆಕಾಶದಲ್ಲಿ ಮೂರು ಚಂದ್ರ, ಕೆಳಗೆ ನೀಲಿ ಸಮುದ್ರ, ದಡದಲ್ಲಿ ನೇರಳೆ ಬಣ್ಣದ ಗಿಡಗಳು. ‘ಬೇರೆ ಲೋಕದ ಚಿತ್ರ ಬಿಡಿಸಿ’ ಎಂದರೆ ಮಕ್ಕಳು ಹೆಚ್ಚಾಗಿ ಬಿಡಿಸುವುದು ಇದನ್ನೇ. ಚೆನ್ನಾಗಿಯೇ ಇರುತ್ತದೆ. ಆದರೆ ಭಾನುವಾರ ನಾನು ನಡೆಸುವ ಪುಟ್ಟ ಚಿತ್ರಕಲಾ ತರಗತಿಯಲ್ಲಿ ಇಂಥ ಚಿತ್ರ ಕಂಡಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತೇನೆ: ‘ಇಲ್ಲಿ ಸೂರ್ಯ ಎಲ್ಲಿದ್ದಾನೆ?’ ಅಷ್ಟು ಕೇಳಿದರೆ ಸಾಕು, ಆಮೇಲೆ ಅರ್ಧ ಗಂಟೆ ಯಾರೂ ಕುಂಚ ಮುಟ್ಟುವುದಿಲ್ಲ. ಎಲ್ಲರೂ ವಾದಕ್ಕೆ ಬಿದ್ದಿರುತ್ತಾರೆ.

ಮಕ್ಕಳು ನನಗೆ ಕೇಳುವ ಪ್ರಶ್ನೆಯೂ ಒಂದಿದೆ. ‘ಭೂಮಿಯಂಥ ಗ್ರಹ ಪತ್ತೆ’ ಎಂಬ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಬರುವ ಬಣ್ಣದ ಚಿತ್ರ ತಂದು, ‘ಈ ಫೋಟೋ ತೆಗೆದವರು ಯಾರು?’ ಎನ್ನುತ್ತಾರೆ. ಅಜ್ಜ ಅಜ್ಜಿಯರಿಗೂ ಇದೇ ಅನುಮಾನ ಬಂದಿರಬಹುದು. ಉತ್ತರ: ಯಾರೂ ತೆಗೆದಿಲ್ಲ. 2017ರ ಫೆಬ್ರವರಿಯಲ್ಲಿ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜ ನಕ್ಷತ್ರದ ಸುತ್ತ ಏಳು ಗ್ರಹಗಳಿವೆ ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಜೊತೆಗೆ ಏಳು ಗೋಲಗಳ ಅಂದವಾದ ಚಿತ್ರ. ನಿಜವಾಗಿ ವಿಜ್ಞಾನಿಗಳ ಕೈಯಲ್ಲಿದ್ದದ್ದು ಒಂದು ವಕ್ರರೇಖೆ ಮಾತ್ರ. ಬೀದಿದೀಪದ ಮುಂದೆ ಹುಳು ಹಾದುಹೋದರೆ ಬೆಳಕು ಕೂದಲೆಳೆಯಷ್ಟು ಕುಗ್ಗುತ್ತದಲ್ಲ, ಹಾಗೆ ನಕ್ಷತ್ರದ ಮುಂದೆ ಗ್ರಹ ಹಾದಾಗ ಅದರ ಬೆಳಕು ತುಸು ಕುಗ್ಗುತ್ತದೆ. ಎಷ್ಟು ಕುಗ್ಗಿತು ಎಂಬುದರಿಂದ ಗ್ರಹದ ಗಾತ್ರ, ಎಷ್ಟು ದಿನಕ್ಕೊಮ್ಮೆ ಕುಗ್ಗಿತು ಎಂಬುದರಿಂದ ಅದರ ವರ್ಷ ತಿಳಿಯುತ್ತದೆ. ಸುಮಾರು 40 ಜ್ಯೋತಿರ್ವರ್ಷ ದೂರದ ಒಂದು ಚುಕ್ಕೆ ಬೆಳಕಿನಿಂದ ಇಷ್ಟನ್ನು ಹಿಂಡಿ ತೆಗೆದದ್ದೇ ದೊಡ್ಡ ಸಾಹಸ. ಆ ಅಂಕಿಗಳನ್ನು ಎದುರಿಗಿಟ್ಟುಕೊಂಡು ಚಿತ್ರ ರಚಿಸಿದವರು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ರಾಬರ್ಟ್ ಹರ್ಟ್ ಮತ್ತು ಟಿಮ್ ಪೈಲ್. ಗಾತ್ರ ಲೆಕ್ಕದ್ದು, ಮೋಡ ಕಲ್ಪನೆಯದ್ದು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಲಾವಿದರ ಕಲ್ಪನೆ’ ಎಂದಿರುತ್ತದೆ. ಆ ಎರಡು ಪದಗಳನ್ನು ಇನ್ನೂ ದೊಡ್ಡದಾಗಿ ಅಚ್ಚು ಹಾಕಬೇಕೆಂಬುದು ನನ್ನ ಬಹುದಿನದ ತಕರಾರು.

ಹಾಗಾದರೆ ಕಲ್ಪನೆಯೆಂದರೆ ಮನಸ್ಸಿಗೆ ಬಂದದ್ದನ್ನು ಬಿಡಿಸುವುದೇ? ಅಲ್ಲ ಎಂದು ತೋರಿಸಿಕೊಟ್ಟ ಒಬ್ಬರಿದ್ದರು.

ಚೆಸ್ಲಿ ಬೋನ್‌ಸ್ಟೆಲ್ ಹುಟ್ಟಿದ್ದು 1888ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹದಿನೇಳನೆಯ ವಯಸ್ಸಿನಲ್ಲಿ ಲಿಕ್ ವೀಕ್ಷಣಾಲಯದ ದೂರದರ್ಶಕದಲ್ಲಿ ಶನಿಗ್ರಹವನ್ನು ಕಂಡ ಹುಡುಗ ಮನೆಗೆ ಬಂದವನೇ ಅದರ ಚಿತ್ರ ಬಿಡಿಸಿದ. ಮರುವರ್ಷ, 1906ರಲ್ಲಿ, ಭೂಕಂಪದ ಹಿಂದೆಯೇ ಊರನ್ನು ಸುಟ್ಟ ಬೆಂಕಿಯಲ್ಲಿ ಆ ಚಿತ್ರವೂ ಹೋಯಿತು. ಮುಂದೆ ಅವರು ಕಟ್ಟಡಗಳ ನಕ್ಷೆ ತಯಾರಿಸುವ ಕೆಲಸ ಹಿಡಿದರು. ಆಮೇಲೆ ಹಾಲಿವುಡ್ ಸಿನಿಮಾಗಳಿಗೆ ಹಿನ್ನೆಲೆ ಪರದೆಯ ಚಿತ್ರ ಬಿಡಿಸಿದರು. ಕ್ಯಾಮೆರಾ ಎಲ್ಲಿ ನಿಂತರೆ ಏನು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ ಅವರಿಗೆ ಅಲ್ಲಿ ಕರಗತವಾಯಿತು. ಅದೇ ಲೆಕ್ಕವನ್ನು ಆಕಾಶಕ್ಕೆ ಹಾಕಿದರು: ಶನಿಯ ಒಂದೊಂದು ಚಂದ್ರನ ಮೇಲೆ ನಿಂತು ನೋಡಿದರೆ ಶನಿ ಎಷ್ಟು ಅಗಲ ಕಂಡೀತು? 1944ರ ಮೇ ತಿಂಗಳ ‘ಲೈಫ್’ ಪತ್ರಿಕೆಯಲ್ಲಿ ಆ ಚಿತ್ರಗಳು ಬಂದವು. ಅವುಗಳಲ್ಲಿ ಟೈಟನ್ ಎಂಬ ಚಂದ್ರನಿಂದ ಕಾಣುವ ಶನಿಯ ಚಿತ್ರ ಇಂದಿಗೂ ಪ್ರಸಿದ್ಧ. ಹಿಮ ಹೊದ್ದ ಬಂಡೆಗಳ ನಡುವೆ, ಕಡುನೀಲಿ ಆಕಾಶದಲ್ಲಿ, ಹೊಳೆಯುವ ಶನಿ.

ಆಕಾಶಕ್ಕೆ ನೀಲಿ ಬಣ್ಣ ಹಚ್ಚಲು ಅವರಿಗೆ ಕಾರಣವಿತ್ತು. ಟೈಟನ್ ಮೇಲೆ ಮೀಥೇನ್ ಅನಿಲದ ವಾತಾವರಣವಿದೆ ಎಂದು ಖಗೋಳ ವಿಜ್ಞಾನಿ ಕೈಪರ್ ಕಂಡುಕೊಂಡದ್ದು ಆಗಷ್ಟೇ. ಗಾಳಿಯಿದ್ದರೆ ಅದು ಬೆಳಕನ್ನು ಚೆದುರಿಸುತ್ತದೆ, ಚೆದುರಿದರೆ ಆಕಾಶ ನೀಲಿ. ಭೂಮಿಯಲ್ಲಿ ಆಗುವುದೂ ಹಾಗೆಯೇ.

1980ರಲ್ಲಿ ವಾಯೇಜರ್-1 ನೌಕೆ ಟೈಟನ್ ಬಳಿ ಹೋಯಿತು. ಕಂಡದ್ದು ಕಿತ್ತಳೆ ಬಣ್ಣದ ದಟ್ಟ ಮಬ್ಬು. ನೆಲವೇ ಕಾಣಿಸಲಿಲ್ಲ. ನೆಲದ ಮೇಲೆ ನಿಂತವರಿಗೂ ಆ ಮಬ್ಬಿನ ಆಚೆಗಿನ ಶನಿ ಹಾಗೆ ಹೊಳೆದು ಕಾಣುವಂತಿಲ್ಲ. ಬೋನ್‌ಸ್ಟೆಲ್‌ಗೆ ಆಗ 92 ವರ್ಷ. ಆಮೇಲೆ 2005ರ ಜನವರಿ 14ರಂದು ಹೈಗನ್ಸ್ ಎಂಬ ಪುಟ್ಟ ನೌಕೆ ಪ್ಯಾರಾಚೂಟ್ ಕಟ್ಟಿಕೊಂಡು ಟೈಟನ್ ನೆಲಕ್ಕೇ ಇಳಿಯಿತು. ಅದು ಕಳಿಸಿದ ಚಿತ್ರದಲ್ಲಿ ಹೊಳೆಯ ಪಾತ್ರದಲ್ಲಿ ಸಿಗುವಂಥ ನುಣುಪಾದ ಗುಂಡುಗಲ್ಲುಗಳಿದ್ದವು. ಅವು ಕಲ್ಲಲ್ಲ, ನೀರಿನ ಗಡ್ಡೆಗಳು. ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗಿನ ಆ ಚಳಿಯಲ್ಲಿ ನೀರು ಬಂಡೆಯಷ್ಟು ಗಟ್ಟಿ. ಅಲ್ಲಿ ಹೊಳೆಯಾಗಿ ಹರಿಯುವುದು ದ್ರವ ಮೀಥೇನ್.

ಹೀಗೆ ಆ ಚಿತ್ರ ತಪ್ಪಾಯಿತು. ಆದರೂ ನನಗೆ ಅದರ ಮೇಲಿನ ಗೌರವ ಕಡಿಮೆಯಾಗಿಲ್ಲ. ತಿಳಿದದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಆದ ತಪ್ಪು ಒಂದು ಬಗೆ, ನೋಡುವ ಕಷ್ಟವನ್ನೇ ಪಡದೆ ಆದ ತಪ್ಪು ಇನ್ನೊಂದು ಬಗೆ. ನಮ್ಮ ಚಂದ್ರನ ಪರ್ವತಗಳನ್ನೇ ನೋಡಿ. ಬೋನ್‌ಸ್ಟೆಲ್ ಸೇರಿದಂತೆ ಎಲ್ಲರೂ ಅವನ್ನು ಗರಗಸದ ಹಲ್ಲಿನಂತೆ ಚೂಪಾಗಿ ಚಿತ್ರಿಸುತ್ತಿದ್ದ ಕಾಲದಲ್ಲಿ, ಫ್ರಾನ್ಸಿನ ಲೂಸಿಯನ್ ರುಡೊ ಅವನ್ನು ನಮ್ಮ ಹಳೆಯ ಬೆಟ್ಟಗಳಂತೆ ದುಂಡಗೆ ಬಿಡಿಸಿದರು. ಅವರು ಚಿತ್ರಕಾರರೂ ಹೌದು, ಖಗೋಳ ವೀಕ್ಷಕರೂ ಹೌದು. ದೂರದರ್ಶಕದಲ್ಲಿ ಚಂದ್ರನ ಅಂಚನ್ನೇ ದಿಟ್ಟಿಸಿ, ಅಲ್ಲಿ ಎದ್ದ ಬೆಟ್ಟಗಳ ಪಕ್ಕನೋಟ ಕಂಡಿದ್ದರು. ಮುಂದೆ ಅಪೊಲೊ ಯಾತ್ರಿಗಳು ತಂದ ಫೋಟೋಗಳಲ್ಲಿ ಬೆಟ್ಟಗಳು ದುಂಡಗೇ ಇದ್ದವು.

ಕಣ್ಣಿನ ಅಭ್ಯಾಸ ಬಲು ಗಟ್ಟಿ. 1976ರ ಜುಲೈನಲ್ಲಿ ವೈಕಿಂಗ್-1 ಮಂಗಳಗ್ರಹದ ಮೇಲಿಳಿದು ಕಳಿಸಿದ ಮೊದಲ ಬಣ್ಣದ ಚಿತ್ರವನ್ನು ಭೂಮಿಯಲ್ಲಿ ಸಿದ್ಧಪಡಿಸಿದಾಗ ಆಕಾಶ ನೀಲಿಯಾಗಿಯೇ ಬಂತು. ಆಮೇಲೆ ಬಣ್ಣಗಳನ್ನು ಸರಿಯಾಗಿ ಹೊಂದಿಸಿ ನೋಡಿದರೆ ಧೂಳು ತುಂಬಿದ ಆ ಆಕಾಶ ನಸುಗೆಂಪು. ತಮಾಷೆಯೆಂದರೆ ಮಂಗಳದಲ್ಲಿ ನೀಲಿ ಕಾಣುವುದು ಸಂಜೆಗೆ, ಮುಳುಗುವ ಸೂರ್ಯನ ಸುತ್ತ. ನಮ್ಮದಕ್ಕೆ ಪೂರ್ತಿ ತಿರುವುಮುರುವು. ಇಂಥದ್ದನ್ನು ಸುಮ್ಮನೆ ಕೂತು ಕಲ್ಪಿಸಿಕೊಳ್ಳಲು ಯಾರಿಗೆ ಸಾಧ್ಯವಿತ್ತು?

ಈಗ ನಾವೇ ಒಂದು ಲೋಕ ಕಟ್ಟೋಣ. ಗುರುವಿನಂಥ ಒಂದು ದೈತ್ಯ ಗ್ರಹ, ತನ್ನ ಸೂರ್ಯನಿಂದ ನೀರು ಹೆಪ್ಪುಗಟ್ಟದ, ಕುದಿದು ಆರದ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಅದರ ಸುತ್ತ ಒಂದು ಚಂದಿರ. ಗಾಳಿಯನ್ನು ಹಿಡಿದಿಟ್ಟುಕೊಳ್ಳುವಷ್ಟು ಭಾರ ಅದಕ್ಕಿರಬೇಕು. ನಮ್ಮ ಚಂದ್ರನ ತೂಕ ಭೂಮಿಯ 81ನೇ ಒಂದು ಪಾಲು ಮಾತ್ರ, ಅದಕ್ಕೆ ಗಾಳಿ ನಿಲ್ಲಲಿಲ್ಲ. ನಮ್ಮ ಚಂದಿರ ಇನ್ನೂ ದಪ್ಪನಾಗಿರಲಿ. ಗುರುವಿನಿಂದ ಯುರೋಪಾ ಇರುವಷ್ಟೇ ದೂರದಲ್ಲಿರಲಿ, ಅಂದರೆ ಸುಮಾರು 6 ಲಕ್ಷ 71 ಸಾವಿರ ಕಿಲೋಮೀಟರ್. ಬೇರೆ ನಕ್ಷತ್ರಗಳ ಗ್ರಹಗಳಿಗೆ ಇಂಥ ಚಂದಿರ ಇದೆಯೆಂದು ಇದುವರೆಗೆ ಖಚಿತವಾಗಿಲ್ಲ. ಇದ್ದರೆ ಹೇಗಿರಬೇಕು ಎಂಬುದನ್ನು ಮಾತ್ರ ಮನೆಯ ಪಡಸಾಲೆಯಲ್ಲೇ ಕಂಡುಕೊಳ್ಳಬಹುದು.

ರಾತ್ರಿ ಎಲ್ಲ ದೀಪ ಆರಿಸಿ ಒಂದು ಮೇಜುದೀಪ ಮಾತ್ರ ಹಚ್ಚಿಡಿ. ಅದು ಸೂರ್ಯ. ಮೊಮ್ಮಗ ಕೈಚಾಚಿ ಒಂದು ಚೆಂಡು ಹಿಡಿದು ನಿಲ್ಲಲಿ. ಚೆಂಡೇ ದೈತ್ಯ ಗ್ರಹ, ಹುಡುಗನ ಮೂಗೇ ನಮ್ಮ ಚಂದಿರ. ಹೀಗೆ ಹತ್ತಿರದಲ್ಲಿ ಸುತ್ತುವ ಚಂದಿರಗಳು ಸಾಮಾನ್ಯವಾಗಿ ಗ್ರಹಕ್ಕೆ ಒಂದೇ ಮುಖ ತೋರಿಸುತ್ತವೆ, ನಮ್ಮ ಚಂದ್ರ ನಮಗೆ ತೋರಿಸುವ ಹಾಗೆ. ಆದ್ದರಿಂದ ಚೆಂಡು ಸದಾ ಮೂಗಿನ ಮುಂದೆಯೇ ಇರಬೇಕು. ಈಗ ಹುಡುಗ ನಿಂತಲ್ಲೇ ನಿಧಾನವಾಗಿ ತಿರುಗಲಿ, ಅಜ್ಜಿ ಪಕ್ಕದಲ್ಲಿ ನಿಂತು ಏನು ಕಾಣುತ್ತದೆಂದು ಕೇಳಲಿ.

ಮೊದಲ ಆಶ್ಚರ್ಯ: ಗ್ರಹ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ತೆಂಗಿನ ಮರದ ತುದಿಗೆ ಸಿಕ್ಕಿಸಿದ ಗಾಳಿಪಟದಂತೆ ಆಕಾಶದ ಒಂದೇ ಕಡೆ ನಿಂತಿರುತ್ತದೆ. ಅದರ ಹಿಂದೆ ನಕ್ಷತ್ರಗಳು ಹಾದುಹೋಗುತ್ತವೆ. ಗಾತ್ರವೋ, ಕೈಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಗಿಂತ ತುಸು ಹೆಚ್ಚು. ನಮ್ಮ ಹುಣ್ಣಿಮೆ ಚಂದ್ರನನ್ನು ಮುಚ್ಚಲು ಕಿರುಬೆರಳ ತುದಿ ಸಾಕು ಎಂಬುದನ್ನು ನೆನಪಿಡಿ. ಅಗಲದಲ್ಲಿ ಇದು ಅದರ 24 ಪಟ್ಟು.

ಯುರೋಪಾ ಗುರುವನ್ನು ಒಮ್ಮೆ ಸುತ್ತಲು ಮೂರೂವರೆ ದಿನ ಬೇಕು. ನಮ್ಮ ಚಂದಿರಕ್ಕೂ ಅಷ್ಟೇ, ಅದೇ ಅದರ ಒಂದು ‘ದಿನ’. ಹಗಲು ಸುಮಾರು 42 ಗಂಟೆ, ರಾತ್ರಿ 42 ಗಂಟೆ. ಗ್ರಹ ನೆತ್ತಿಯ ಮೇಲಿರುವ ಊರಿನಲ್ಲಿ ನಾವಿದ್ದೇವೆ ಎನ್ನಿ. ಬೆಳಿಗ್ಗೆ ಸೂರ್ಯ ಹುಟ್ಟಿದಾಗ ನೆತ್ತಿಯ ಗ್ರಹ ಅರ್ಧ ಬೆಳಗಿರುತ್ತದೆ, ಪೂರ್ವದ ಅರ್ಧ. ಸೂರ್ಯ ಮೇಲೇರುತ್ತ ಹೋದಂತೆ ಅದು ಬಿದಿಗೆಯ ಚಂದ್ರನಂತೆ ಸಣ್ಣಗಾಗುತ್ತದೆ. ಸರಿಯಾಗಿ ನಡುಹಗಲಿಗೆ ಸೂರ್ಯ ಗ್ರಹದ ಹಿಂದೆ ಸರಿದು ಗಾಢ ಕತ್ತಲು! ಚಂದಿರದ ದಾರಿ ಹೆಚ್ಚು ವಾಲಿರದಿದ್ದರೆ ದಿನದಿನವೂ ಗ್ರಹಣ, ಒಂದೊಂದೂ ಸುಮಾರು ಮೂರು ಗಂಟೆ. ಅಲ್ಲಿ ಹಕ್ಕಿಗಳಿದ್ದರೆ ಮಧ್ಯಾಹ್ನ ಗೂಡಿಗೆ ಹೋಗಿ ಬರುತ್ತಿದ್ದವೇನೋ.

ಇನ್ನು ನಡುರಾತ್ರಿ. ಹುಡುಗ ದೀಪಕ್ಕೆ ಬೆನ್ನು ಮಾಡಿದಾಗ ಚೆಂಡು ಪೂರ್ತಿ ಬೆಳಗುತ್ತದೆ (ತಲೆಯ ನೆರಳು ಅಡ್ಡ ಬಂದರೆ ಕೈ ತುಸು ಎತ್ತಲಿ). ಐನೂರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರನ್ನು ಒಟ್ಟಿಗೆ ಅಂಟಿಸಿದಷ್ಟು ದೊಡ್ಡ ತಟ್ಟೆ ಅದು. ಅಂಗಳದಲ್ಲಿ ಕೂತು ಈ ಪತ್ರಿಕೆ ಆರಾಮವಾಗಿ ಓದಬಹುದು. ಆ ಬೆಳಗಿದ ಮುಖದ ಮೇಲೆ ಒಂದು ಸಣ್ಣ ಕಪ್ಪು ಚುಕ್ಕೆ ಮೆಲ್ಲಗೆ ಸರಿಯುತ್ತಿರುತ್ತದೆ. ಅದು ನಮ್ಮದೇ ನೆರಳು, ನಾವು ನಿಂತಿರುವ ನೆಲದ ನೆರಳು. ಈ ಚುಕ್ಕೆಯನ್ನು ಚಿತ್ರದಲ್ಲಿ ಇಟ್ಟವರನ್ನು ನಾನು ಇನ್ನೂ ಕಂಡಿಲ್ಲ. ನೀವು ಇಡಿ.

ಚಂದಿರದ ಇನ್ನೊಂದು ಮಗ್ಗುಲಲ್ಲಿ ವಾಸಿಸುವವರ ಪಾಡೇ ಬೇರೆ. ಅವರಿಗೆ ಗ್ರಹ ಕಾಣುವುದೇ ಇಲ್ಲ. ಮಧ್ಯಾಹ್ನ ಕತ್ತಲಿಲ್ಲ, ರಾತ್ರಿ ಬೆಳಕಿಲ್ಲ. ಅಲ್ಲಿಯ ಅಜ್ಜಿ ‘ನಾನು ಚಿಕ್ಕವಳಿದ್ದಾಗ ದೂರದ ಊರಿಗೆ ಹೋಗಿ ಆಕಾಶದಲ್ಲಿ ದೊಡ್ಡ ತಟ್ಟೆ ನೋಡಿ ಬಂದೆ’ ಎಂದರೆ ಮೊಮ್ಮಕ್ಕಳು ನಂಬುತ್ತಾರೋ ಇಲ್ಲವೋ.

ಈ ಚೆಂಡಿನಾಟ ಆಡಿದವರು ಎರಡು ತಪ್ಪುಗಳನ್ನು ಮತ್ತೆಂದೂ ಮಾಡುವುದಿಲ್ಲ. ಒಂದು, ಬಾಗಿದ ಚಂದ್ರನ ಎರಡು ಕೋಡುಗಳ ನಡುವೆ ನಕ್ಷತ್ರ ಇಡುವುದು. ಅಲ್ಲಿರುವುದು ಖಾಲಿ ಜಾಗವಲ್ಲ, ಗೋಲದ ಕತ್ತಲೆಯ ಭಾಗ. ಇನ್ನೊಂದು, ಸೂರ್ಯ ಒಂದು ಕಡೆ, ಬೆಳಗಿದ ಅಂಚು ಇನ್ನೊಂದು ಕಡೆ. ಯುಗಾದಿಯ ಮಾರನೆಯ ಸಂಜೆ ಚಂದ್ರದರ್ಶನಕ್ಕೆ ಅಂಗಳದಲ್ಲಿ ನಿಂತ ಹಿರಿಯರಿಗೆ ಇದನ್ನು ಹೇಳಬೇಕಿಲ್ಲ. ಆ ಎಳೆಚಂದ್ರ ನಮ್ಮೂರಲ್ಲಿ ದೋಣಿಯಂತೆ ಮಲಗಿರುತ್ತಾನೆ, ಹೊಟ್ಟೆ ಆಗಷ್ಟೇ ಮುಳುಗಿದ ಸೂರ್ಯನ ಕಡೆಗೆ. ಯಾವ ಕೋಡು ಮೇಲಿದೆ ಎಂದು ನೋಡಿ ಮಳೆ ಬೆಳೆ ಹೇಳುತ್ತಿದ್ದವರೂ ಇದ್ದರು. ಮಳೆಯ ವಿಷಯ ಬಿಡಿ, ಅಷ್ಟು ಗಮನವಿಟ್ಟು ನೋಡುತ್ತಿದ್ದರಲ್ಲ! ಉತ್ತರ ಯುರೋಪಿನಲ್ಲಿ ಇದೇ ಚಂದ್ರ ಹೆಚ್ಚು ನೆಟ್ಟಗೆ ನಿಂತಂತೆ ಕಾಣುತ್ತಾನೆ. ನಮ್ಮ ಪುಸ್ತಕಗಳಲ್ಲಿ ಸದಾ ನಿಂತಿರುವ ಚಂದ್ರ ಬಹುಶಃ ಅಲ್ಲಿಂದಲೇ ಬಂದವನು.

ಶನಿಯಂಥ ಗ್ರಹದ ಬಳೆ ಬಿಡಿಸುವವರಿಗೂ ಒಂದು ಮಾತು. ಶನಿಯ ಹೆಚ್ಚಿನ ದೊಡ್ಡ ಚಂದ್ರಗಳು ಬಳೆಯ ಮಟ್ಟದಲ್ಲೇ ಸುತ್ತುತ್ತವೆ. ಅಲ್ಲಿಂದ ಬಳೆ ಒಂದು ತೆಳು ಗೆರೆ ಮಾತ್ರ. ಅಗಲವಾದ ಬಳೆ ಬೇಕೆಂದರೆ ವಾಲಿದ ದಾರಿಯಲ್ಲಿ ಸುತ್ತುವ ಇಯಾಪಿಟಸ್ ಮೇಲೆ ಹೋಗಿ ನಿಲ್ಲಬೇಕು.

ಗಿಡಗಳ ಬಣ್ಣದ ವಿಷಯದಲ್ಲಿ ಮಾತ್ರ ನೇರಳೆ ಬಣ್ಣದವರನ್ನು ನಾನು ಬೈಯುವುದಿಲ್ಲ. ನಮ್ಮ ಸೂರ್ಯನ ಬೆಳಕಿಗೆ ನಮ್ಮ ಎಲೆ ಹಸಿರಾಗಿ ಒಗ್ಗಿದೆ. ಮಂಕು ಕೆಂಪು ನಕ್ಷತ್ರದ ಕೆಳಗಿನ ಗಿಡ, ಸಿಕ್ಕ ಬೆಳಕನ್ನೆಲ್ಲ ಹೀರಿಕೊಳ್ಳಲು ಕಪ್ಪಾಗಿಯೇ ಇರಬಹುದು ಎಂದು ನಾಸಾದ ನ್ಯಾನ್ಸಿ ಕಿಯಾಂಗ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ಕಪ್ಪು ಕಾಡು! ಒಮ್ಮೆ ಬಿಡಿಸಿ ನೋಡಿ, ಎಷ್ಟು ಕಷ್ಟವೆಂದು ತಿಳಿಯುತ್ತದೆ. ಎಲೆಗೂ ನೆರಳಿಗೂ ವ್ಯತ್ಯಾಸ ತೋರಿಸುವುದು ಹೇಗೆ?

ಜೀವ ಇರಬಹುದಾದ ಜಾಗ ಎಂದರೆ ಕಾಡು, ಕಡಲು ಕಾಣಲೇಬೇಕು ಎಂದೇನೂ ಇಲ್ಲ. ಯುರೋಪಾ ಹೊರಗೆ ಬಿರುಕುಬಿಟ್ಟ ಹಿಮದ ಚಿಪ್ಪು, ಒಳಗೆ ಭೂಮಿಯ ಎಲ್ಲ ಸಮುದ್ರಗಳ ನೀರಿಗಿಂತ ಹೆಚ್ಚು ನೀರು ಇದೆಯೆಂದು ಅಂದಾಜು. ಅದನ್ನು ಪರೀಕ್ಷಿಸಲು ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ, 2030ಕ್ಕೆ ಗುರುವನ್ನು ತಲುಪಬೇಕು. ಟೈಟನ್‌ಗೆ ಹೋಗಲಿರುವುದು ‘ಡ್ರ್ಯಾಗನ್‌ಫ್ಲೈ’, ನಮ್ಮ ಏರೋಪ್ಲೇನ್ ಚಿಟ್ಟೆಯ ಹೆಸರಿನ, ಎಂಟು ರೆಕ್ಕೆಚಕ್ರಗಳ ಹಾರುಯಂತ್ರ. 2028ರಲ್ಲಿ ಹೊರಟು 2034ರಲ್ಲಿ ಅಲ್ಲಿಯ ದಿಣ್ಣೆಗಳ ನಡುವೆ ಇಳಿಯಬೇಕೆಂಬುದು ಯೋಜನೆ. ಈಗ ಐದನೇ ತರಗತಿಯಲ್ಲಿರುವವರು ಆ ಹೊತ್ತಿಗೆ ಕಾಲೇಜಿನಲ್ಲಿರುತ್ತಾರೆ. ಅದು ಕಳಿಸುವ ಚಿತ್ರಗಳು ಬರುವುದಕ್ಕೆ ಮೊದಲು ಟೈಟನ್ ಚಿತ್ರವನ್ನು ನೀವೂ ಒಂದು ಬಿಡಿಸಿಡಿ. ಹಿಂಬದಿಯಲ್ಲಿ ಹೆಸರು, ತಾರೀಖು ಹಾಕಿ, ಆಕಾಶಕ್ಕೆ ಆ ಬಣ್ಣವನ್ನೇ ಏಕೆ ಹಚ್ಚಿದಿರಿ ಎಂದು ಒಂದು ಸಾಲು ಬರೆದಿಡಿ.